ಸಮವಸ್ತ್ರ ಕಳಚಿದ ಮೇಲೆ: ಆತ್ಮಹತ್ಯೆ ತಡೆಯ ಬಗ್ಗೆ ಮಾಜಿ ಸೈನಿಕರು ಹೇಳುವುದೇನು



ಸೈನ್ಯದಿಂದ ಹೊರಬಂದವರು ಆತ್ಮಹತ್ಯೆಗೆ ಬಲಿಯಾಗುವುದನ್ನು ತಡೆಯಲು ಕಳೆದ ಇಪ್ಪತ್ತು ವರ್ಷಗಳಲ್ಲಿ ಕೆಲವು ದೇಶಗಳು ಕಾನೂನು ಮಾಡಿವೆ, ಸಹಾಯವಾಣಿ ತೆರೆದಿವೆ, ಪ್ರಚಾರ ನಡೆಸಿವೆ. ಈ ಕೆಲಸವನ್ನು ವೈದ್ಯರು ಅಳೆದಿದ್ದಾರೆ, ಲೆಕ್ಕಪರಿಶೋಧಕರು ಅಳೆದಿದ್ದಾರೆ. ಅದು ಯಾರಿಗಾಗಿ ನಡೆಯಿತೋ ಆ ಮಾಜಿ ಸೈನಿಕರ ಕಣ್ಣಿಗೆ ಅದು ಹೇಗೆ ಕಂಡಿತು ಎಂದು ಕೇಳಿಸಿಕೊಂಡವರು ಕಡಿಮೆ. ಇಂದು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ. ಉದಾಹರಣೆಗಳು ಮುಖ್ಯವಾಗಿ ಆಸ್ಟ್ರೇಲಿಯಾ ಮತ್ತು ಅಮೆರಿಕದವು, ಏಕೆಂದರೆ ಅಲ್ಲಿ ಮಾಜಿ ಸೈನಿಕರು ಮತ್ತು ಅವರ ಮನೆಯವರು ನುಡಿದ ಸಾಕ್ಷ್ಯ ಸಾರ್ವಜನಿಕ ದಾಖಲೆ ಸೇರಿದೆ. ನಮ್ಮ ನಾಡಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಅವರ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕುತ್ತಿನ ರಾತ್ರಿಯಲ್ಲಿ ಫೋನ್ ಎತ್ತುವವರು ಬೇಕು, ಅದರಲ್ಲಿ ಅವರಿಗೆ ಅನುಮಾನವಿಲ್ಲ. ಆದರೆ ಆ ರಾತ್ರಿ ಎಲ್ಲಿಂದಲೋ ಹಠಾತ್ತಾಗಿ ಬಂದು ಎರಗುವುದಿಲ್ಲ. ಬಿಡುಗಡೆಯ ಕಾಗದ ಕೈಗೆ ಬಂದ ದಿನ, ಪರಿಹಾರದ ಅರ್ಜಿ ಉತ್ತರವಿಲ್ಲದೆ ಕೂತ ತಿಂಗಳುಗಳು, ತನ್ನಿಂದ ಯಾರಿಗೂ ಏನೂ ಆಗಬೇಕಿಲ್ಲ ಎಂದು ಅನ್ನಿಸತೊಡಗಿದ ವರ್ಷಗಳು ಅದಕ್ಕೆ ದಾರಿ ಮಾಡುತ್ತವೆ. ಸರ್ಕಾರದ ಗಮನವೆಲ್ಲ ಕೊನೆಯ ರಾತ್ರಿಯ ಮೇಲೆ, ನಮ್ಮ ಕಷ್ಟವೆಲ್ಲ ಅದಕ್ಕಿಂತ ಹಿಂದೆ ಎಂಬುದು ಅವರ ದೂರು. ಈ ದೂರು ನ್ಯಾಯವಾದುದು ಎಂದೇ ನನ್ನ ನಂಬಿಕೆ.

ಆಸ್ಟ್ರೇಲಿಯಾದಿಂದ ಆರಂಭಿಸೋಣ. 2020ರಲ್ಲಿ ಅಲ್ಲಿನ ಸರ್ಕಾರ ಸೈನಿಕರ ಮತ್ತು ಮಾಜಿ ಸೈನಿಕರ ಆತ್ಮಹತ್ಯೆಗಳನ್ನು ಪರಿಶೀಲಿಸಲು ಒಬ್ಬ ಕಾಯಂ ಕಮಿಷನರನ್ನು ನೇಮಿಸುತ್ತೇವೆ ಎಂದಿತು. ಮಾಜಿ ಸೈನಿಕರೂ ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಅದಕ್ಕೆ ಒಪ್ಪಲಿಲ್ಲ. ಸೇನೆಯನ್ನೂ ಮಾಜಿ ಸೈನಿಕರ ಇಲಾಖೆಯನ್ನೂ ಕಟಕಟೆಗೆ ಕರೆಸುವ ಅಧಿಕಾರವುಳ್ಳ, ಅವೆರಡಕ್ಕೂ ಋಣಿಯಾಗಿರದ ರಾಯಲ್ ಕಮಿಷನ್ ಆಗಲೇಬೇಕು ಎಂದು ಪಟ್ಟುಹಿಡಿದರು. ಸಹಿ ಸಂಗ್ರಹಿಸಿದರು, ಸಂಸದರ ಬಾಗಿಲು ತಟ್ಟಿದರು. ಕೊನೆಗೆ 2021ರ ಜುಲೈ 8ರಂದು ಆಯೋಗ ರಚನೆಯಾಯಿತು. ನಿಕ್ ಕಾಲ್ಡಾಸ್ ಅದರ ಅಧ್ಯಕ್ಷರಾಗಿದ್ದರು. ಮೂರು ವರ್ಷ ದೇಶದ ನಗರ ನಗರಗಳಲ್ಲಿ ವಿಚಾರಣೆ ನಡೆಸಿ, 5,000ಕ್ಕೂ ಹೆಚ್ಚು ಲಿಖಿತ ಹೇಳಿಕೆಗಳನ್ನು ಓದಿ, 2024ರ ಸೆಪ್ಟೆಂಬರ್ 9ರಂದು ಏಳು ಸಂಪುಟಗಳ ಅಂತಿಮ ವರದಿ ಕೊಟ್ಟಿತು. ಶಿಫಾರಸುಗಳು 122.

ಈ ಆಯೋಗ ಎತ್ತಿ ಹೇಳಿದ ಮೊದಲ ಸಂಗತಿಯೇ ನಾಚಿಕೆ ತರುವಂಥದು. ಇದಕ್ಕೆ ಮೊದಲೇ ಇದೇ ವಿಷಯದ ಸುತ್ತ 50ಕ್ಕೂ ಹೆಚ್ಚು ವರದಿಗಳು ಬಂದಿದ್ದವು, ಅವುಗಳಲ್ಲಿ 750ಕ್ಕೂ ಹೆಚ್ಚು ಶಿಫಾರಸುಗಳಿದ್ದವು. ಅಂದರೆ ಸೈನಿಕರು ಹೇಳಿರಲಿಲ್ಲ ಎಂದಲ್ಲ. ಹೇಳಿದ್ದರು, ಬರೆದುಕೊಳ್ಳಲಾಗಿತ್ತು, ಕಡತ ಮುಚ್ಚಲಾಗಿತ್ತು. ಸಾಕ್ಷಿ ಹೇಳಲು ಬಂದ ಎಷ್ಟೋ ಜನಕ್ಕೆ ಅದು ಮೊದಲ ಸಾಕ್ಷ್ಯವಾಗಿರಲಿಲ್ಲ. ಗಾಯವನ್ನು ಬಿಚ್ಚಿ ತೋರಿಸು ಎಂದು ಮತ್ತೆ ಮತ್ತೆ ಕರೆಸಿ, ನೋಡಿದ ಮೇಲೆ ಏನನ್ನೂ ಮಾಡದೆ ಕಳಿಸುವುದು ಸ್ವತಃ ಒಂದು ಗಾಯ.

ಅಂಕಿಗಳನ್ನು ಆಸ್ಟ್ರೇಲಿಯಾದ ಆರೋಗ್ಯ ಮತ್ತು ಕಲ್ಯಾಣ ಸಂಸ್ಥೆ ಕಲೆಹಾಕಿದೆ. 1985ರಿಂದೀಚೆಗೆ ಒಂದು ದಿನವಾದರೂ ಸೇವೆ ಮಾಡಿದವರಲ್ಲಿ, 1997ರಿಂದ 2021ರವರೆಗೆ 1,677 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಸೇವೆ ಬಿಟ್ಟ ಪುರುಷರಲ್ಲಿ ಈ ಪ್ರಮಾಣ ದೇಶದ ಇತರ ಪುರುಷರಿಗಿಂತ ಸುಮಾರು ಕಾಲು ಭಾಗ ಹೆಚ್ಚು. ಸೇವೆ ಬಿಟ್ಟ ಮಹಿಳೆಯರಲ್ಲಿ ಇತರ ಮಹಿಳೆಯರ ಎರಡು ಪಟ್ಟು ದಾಟುತ್ತದೆ. ಸೇವೆಯಲ್ಲಿ ಇರುವ ಪುರುಷರಲ್ಲಿ ಮಾತ್ರ ಸಾಮಾನ್ಯ ಜನಕ್ಕಿಂತ ಕಡಿಮೆ. (ಉದ್ಯೋಗದಲ್ಲಿರುವ ಇತರ ಪುರುಷರೊಡನೆ ಹೋಲಿಸಿದಾಗ ಆ ಸಮಾಧಾನವೂ ಉಳಿಯುವುದಿಲ್ಲ ಎಂದು ಆಯೋಗ ತೋರಿಸಿತು. ಸೇನೆಗಳು ತಮ್ಮ ಬೆನ್ನು ತಟ್ಟಿಕೊಳ್ಳುವ ಮೊದಲು ಇದನ್ನು ಓದಬೇಕು.) ಆರೋಗ್ಯದ ಕಾರಣಕ್ಕೆ ಇಷ್ಟವಿಲ್ಲದೆ ಹೊರಹಾಕಲ್ಪಟ್ಟ ಪುರುಷರಲ್ಲಿ, ತಾವಾಗಿಯೇ ಬಿಟ್ಟುಬಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಯುದ್ಧ ಕಂಡವನಿಗೆ ಮಾತ್ರ ಅಪಾಯ ಎಂದು ನಾವು ಸಿನಿಮಾ ನೋಡಿ ನಂಬಿಕೊಂಡಿದ್ದೇವೆ. ಇಲ್ಲಿ ಅಪಾಯ ಹೆಚ್ಚಾಗಿ ಕಾಣುವುದು ಹೊರಗೆ ಕಳಿಸುವ ಬಾಗಿಲ ಬಳಿ.

ಆ ಬಾಗಿಲ ಬಳಿ ಏನಾಗುತ್ತದೆ? ಹದಿನೆಂಟರ ಹರೆಯದಲ್ಲಿ ಸೇರಿದವನಿಗೆ ಏಳುವ ಹೊತ್ತು, ಉಣ್ಣುವ ಹೊತ್ತು, ಜೊತೆಗಾರರು, ಹೆಸರಿನ ಮುಂದಿನ ದರ್ಜೆ ಎಲ್ಲವೂ ಪಲ್ಟನ್ ಕೊಟ್ಟಿದ್ದು. ಬೆನ್ನುಮೂಳೆಗೆ ಪೆಟ್ಟಾಯಿತು, ಅಥವಾ ನಿದ್ದೆ ಬಾರದಾಯಿತು. ಮೊದಮೊದಲು ಹೇಳಿಕೊಳ್ಳುವುದಿಲ್ಲ, ಮೈಗಳ್ಳ ಅನ್ನಿಸಿಕೊಳ್ಳುವ ಭಯ. ಹೇಳಿಕೊಂಡ ಮೇಲೆ ಮೆಡಿಕಲ್ ಬೋರ್ಡ್, ಕೆಟಗರಿ ಇಳಿಕೆ, ಬಿಡುಗಡೆ. ನಿನ್ನೆಯವರೆಗೆ ಇವನಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಇಂದು ಗೇಟಿನಲ್ಲಿ ಗುರುತಿನ ಚೀಟಿ ವಾಪಸು ಕೊಡಬೇಕು. ಇದರ ಮೇಲೆ, ಪೆಟ್ಟು ಸೇವೆಯಿಂದಲೇ ಆದದ್ದು ಎಂದು ಸಾಬೀತುಪಡಿಸುವ ಹೊಣೆಯೂ ಇವನದೇ.

ಆಯೋಗ ತನ್ನ ಮಧ್ಯಂತರ ವರದಿಯನ್ನು 2022ರ ಆಗಸ್ಟ್‌ನಲ್ಲೇ ಕೊಟ್ಟಿತ್ತು. ಅದರ ಬೇಡಿಕೆಗಳಲ್ಲಿ ಮುಂದೆ ನಿಂತದ್ದು ಕೌನ್ಸೆಲಿಂಗ್ ಅಲ್ಲ, ಕಡತಗಳು. ಆ ವರ್ಷದ ಮೇ 31ಕ್ಕೆ ಮಾಜಿ ಸೈನಿಕರ ಇಲಾಖೆಯಲ್ಲಿ ಯಾರೂ ಕೈಗೆತ್ತಿಕೊಳ್ಳದೆ ಬಿದ್ದಿದ್ದ ಪರಿಹಾರದ ಅರ್ಜಿಗಳು 41,799. ಪ್ರತಿ ಅರ್ಜಿಯ ಹಿಂದೆ ಒಂದು ಮನೆಯ ಬಾಡಿಗೆ, ಒಂದು ಚಿಕಿತ್ಸೆ, ಒಂದು ದಾಂಪತ್ಯ ಇದೆ ಎಂದು ಸಾಕ್ಷಿಗಳು ಹೇಳಿದ್ದರು. ಮೂರು ಬೇರೆ ಬೇರೆ ಕಾನೂನುಗಳು ಒಂದರ ಮೇಲೊಂದು ಹೆಣೆದುಕೊಂಡು, ಯಾವ ಗಾಯ ಯಾವ ಕಾನೂನಿಗೆ ಸೇರುತ್ತದೆ ಎಂದು ವಕೀಲರಿಗೂ ತಿಳಿಯದಂತಾಗಿತ್ತು. ಸರ್ಕಾರ ನೂರಾರು ಹೊಸ ಸಿಬ್ಬಂದಿಯನ್ನು ನೇಮಿಸಿತು. 2025ರಲ್ಲಿ, ಮರುವರ್ಷದ ಜುಲೈ 1ರಿಂದ ಹೊಸ ಅರ್ಜಿಗಳಿಗೆಲ್ಲ ಒಂದೇ ಕಾನೂನು ಎಂದು ಸಂಸತ್ತು ಶಾಸನ ಮಾಡಿತು. ಒಂದು ಕಡತವನ್ನು ಸಕಾಲಕ್ಕೆ ಮುಗಿಸುವ ಗುಮಾಸ್ತ ಆತ್ಮಹತ್ಯೆ ತಡೆಯುವ ಕೆಲಸ ಮಾಡುತ್ತಿದ್ದಾನೆ ಎಂದು ಒಂದು ರಾಷ್ಟ್ರ ಅಧಿಕೃತವಾಗಿ ಒಪ್ಪಿಕೊಂಡ ಸಂದರ್ಭ ಇದು. ಮಾಜಿ ಸೈನಿಕರು ಇದನ್ನು ದಶಕಗಳಿಂದ ಹೇಳುತ್ತಿದ್ದರು.

ಅಮೆರಿಕದಲ್ಲೂ ಇದೇ ಕತೆಯಿದೆ. 2015ರ ಫೆಬ್ರುವರಿ 12ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಆತ್ಮಹತ್ಯೆ ತಡೆ ಕಾನೂನಿಗೆ ಕ್ಲೇ ಹಂಟ್ ಎಂಬ ಮರೀನ್ ಯೋಧನ ಹೆಸರಿದೆ. ಇರಾಕ್, ಅಫ್ಘಾನಿಸ್ತಾನ ಎರಡೂ ಕಡೆ ಸೇವೆ ಮಾಡಿ ಬಂದವರು ಅವರು. ಭೂಕಂಪವಾದ ಹೈಟಿಗೆ ಹೋಗಿ ಪರಿಹಾರ ಕಾರ್ಯದಲ್ಲಿ ದುಡಿದರು. ಸಹಾಯ ಕೇಳಿ ಎಂದು ಸಹಯೋಧರಿಗೆ ಹೇಳುವ ಜಾಹೀರಾತಿನಲ್ಲೂ ಕಾಣಿಸಿಕೊಂಡಿದ್ದರು. ಅಂಥವರು 2011ರಲ್ಲಿ ತೀರಿಕೊಂಡರು. ಒಂದೇ ಕಾರಣ ಹುಡುಕುವುದು ತಪ್ಪು, ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಆದರೆ ಅವರ ತಾಯಿ 2014ರ ನವೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದ ಒಂದು ಮಾತನ್ನು ಮರೆಯಲಾಗದು. ಮಗನ ಮಾನಸಿಕ ಆಘಾತಕ್ಕೆ ಪೂರ್ಣ ಪರಿಹಾರ ಸಲ್ಲಬೇಕು ಎಂಬ ಮೇಲ್ಮನವಿ ಮಂಜೂರಾದದ್ದು ಅವನು ತೀರಿಹೋಗಿ ಐದು ವಾರಗಳ ನಂತರ.

ಇನ್ನು ಸಹಾಯ ಕೇಳುವ ಮಾತು. ಧೈರ್ಯವಾಗಿ ಹೇಳಿಕೊಳ್ಳಿ ಎಂದು ಎಲ್ಲ ಪೋಸ್ಟರ್‌ಗಳೂ ಹೇಳುತ್ತವೆ. ಹೇಳಿಕೊಂಡರೆ ಏನಾಗುತ್ತದೆ ಎಂಬುದು ಸೈನಿಕನಿಗೆ ಪೋಸ್ಟರ್ ಬರೆದವರಿಗಿಂತ ಚೆನ್ನಾಗಿ ಗೊತ್ತು. ಬಡ್ತಿ ನಿಲ್ಲಬಹುದು, ಆಯುಧ ಹಿಂದಕ್ಕೆ ಹೋಗಬಹುದು, ಪಲ್ಟನ್ನಿನಲ್ಲಿ ನೋಟ ಬದಲಾಗಬಹುದು. ಯುದ್ಧಭೂಮಿಯಿಂದ ಮರಳಿದ ಪ್ರತಿ ಅಮೆರಿಕನ್ ಸೈನಿಕನೂ ಮಾನಸಿಕ ಆರೋಗ್ಯದ ಒಂದು ಪ್ರಶ್ನಾವಳಿ ತುಂಬಬೇಕು. 2008ರಲ್ಲಿ ಇರಾಕಿನಿಂದ ಮರಳಿದ ಒಂದು ಪದಾತಿ ಬ್ರಿಗೇಡಿನಲ್ಲಿ ಸಂಶೋಧಕರು ಅದೇ ಪ್ರಶ್ನೆಗಳನ್ನು ಹೆಸರು ಬರೆಯಬೇಕಿಲ್ಲದ ಹಾಳೆಯಲ್ಲಿ ಇನ್ನೊಮ್ಮೆ ಕೇಳಿದರು. ಖಿನ್ನತೆ, ಆಘಾತ, ಸಾವಿನ ಯೋಚನೆ ಇದೆ ಎಂದವರ ಪ್ರಮಾಣ ಎರಡರಿಂದ ನಾಲ್ಕು ಪಟ್ಟು ಹೆಚ್ಚಿತ್ತು. ಹೆಸರಿರುವ ಹಾಳೆಯಲ್ಲಿ ಏನು ಬರೆದರೆ ಬೇಗ ಮನೆಗೆ ಹೋಗಬಹುದೆಂದು ಅವರು ಕಲಿತಿದ್ದರು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬಾರದು. ತಮ್ಮನ್ನು ಕಾಪಾಡಿಕೊಂಡರು, ಅಷ್ಟೆ.

ಹಾಗಾದರೆ ಅವರು ಯಾರ ಮುಂದೆ ಬಾಯಿ ಬಿಡುತ್ತಾರೆ? ಉತ್ತರ 1970ರಲ್ಲೇ ಸಿಕ್ಕಿತ್ತು. ವಿಯೆಟ್ನಾಂನಿಂದ ಮರಳಿದ ಕೆಲವರು ನ್ಯೂಯಾರ್ಕಿನಲ್ಲಿ ತಾವೇ ಸೇರಿ ಮಾತಾಡಲು ಕೂತರು. ರಾಬರ್ಟ್ ಜೇ ಲಿಫ್ಟನ್, ಹಾಯಿಮ್ ಶಾಟನ್ ಎಂಬ ಇಬ್ಬರು ಮನೋವೈದ್ಯರನ್ನು ಜೊತೆಗೆ ಕರೆದರು, ಆದರೆ ಸಭೆಯ ಯಜಮಾನಿಕೆ ಬಿಟ್ಟುಕೊಡಲಿಲ್ಲ. ಅಲ್ಲಿ ಆಡಿದ ಮಾತುಗಳೇ ಮುಂದೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಜಾಗ ಸಿಗಲು ಒಂದು ಕಾರಣವಾದವು. 1979ರಲ್ಲಿ ಸರ್ಕಾರ ವೆಟ್ ಸೆಂಟರ್‌ಗಳನ್ನು ತೆರೆದಾಗ ಅವನ್ನು ಆಸ್ಪತ್ರೆಯ ಆವರಣದಿಂದ ಹೊರಗೆ, ಊರಿನ ಸಾಮಾನ್ಯ ಬೀದಿಗಳಲ್ಲಿ ಇಟ್ಟಿತು. ಅಲ್ಲಿ ಮಾತಾಡಿಸುವವರಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರು. ಅಲ್ಲಿನ ದಾಖಲೆ ಆಸ್ಪತ್ರೆಯ ದಾಖಲೆಯೊಡನೆ ಬೆರೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ವಿಯೆಟ್ನಾಂ ಯೋಧರ ಒತ್ತಾಯದಿಂದ 1982ರಲ್ಲಿ ಹುಟ್ಟಿದ ಸಲಹಾ ಸೇವೆ ಇಂದು ಓಪನ್ ಆರ್ಮ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಬಾಳಿಕೆ ಬಂದ ವ್ಯವಸ್ಥೆಗಳ ಮೂಲ ಹುಡುಕುತ್ತ ಹೋದರೆ ಮಾಜಿ ಸೈನಿಕರ ಹಟವೇ ಸಿಗುತ್ತದೆ.

ಪ್ರಚಾರದ ಬಗ್ಗೆಯೂ ಅವರಲ್ಲಿ ಒಂದು ಅಸಮಾಧಾನವಿದೆ. ಅಮೆರಿಕದಲ್ಲಿ ದಿನಕ್ಕೆ 22 ಮಾಜಿ ಸೈನಿಕರ ಆತ್ಮಹತ್ಯೆ ಎಂಬ ಅಂಕಿ ಹತ್ತು ವರ್ಷ ಗೋಡೆಗಳ ಮೇಲೆ, ಅಂಗಿಗಳ ಮೇಲೆ, 22 ದಂಡ ಹೊಡೆಯುವ ವಿಡಿಯೋಗಳಲ್ಲಿ ಓಡಾಡಿತು. ಅದು 21 ರಾಜ್ಯಗಳ ಮಾಹಿತಿಯಿಂದ ಮಾಡಿದ ಒಂದು ಅಂದಾಜು. ಆ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು 50 ದಾಟಿದವರು. ಪ್ರಚಾರದ ಚಿತ್ರಗಳಲ್ಲಿ ಇದ್ದದ್ದು ಇರಾಕಿನಿಂದ ಬಂದ ಇಪ್ಪತ್ತೈದರ ಹುಡುಗ. ಮುದಿ ವಿಯೆಟ್ನಾಂ ಯೋಧ ಮರೆಯಾದ, ಮಹಿಳೆಯರು ಮೊದಲಿನಿಂದಲೂ ಕಾಣಿಸಲೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಪ್ರತಿದಿನ ಈ ಅಂಕಿ ಕೇಳಿಸಿಕೊಂಡ ಯುವ ಸೈನಿಕನಿಗೆ ಅದು ತನಗಾಗಿ ಬರೆದಿಟ್ಟ ಹಣೆಬರಹದಂತೆ ಕೇಳತೊಡಗಿತು. 2022ರ ಅಧಿಕೃತ ಲೆಕ್ಕ 6,407 ಸಾವುಗಳು, ದಿನಕ್ಕೆ 17.6. ಇದೂ ಭಯಂಕರವೇ. ಆದರೆ ಹೇಳಬೇಕಾದ ಇನ್ನೊಂದು ಸತ್ಯವಿದೆ: ಸಾವಿನ ಯೋಚನೆ ಬಂದ ಬಹುಪಾಲು ಜನ ಆ ಕಾಲವನ್ನು ದಾಟಿ ಬದುಕುತ್ತಾರೆ. ದಾಟಿದವರ ಮುಖಗಳನ್ನು ತೋರಿಸಿ ಎಂದು ಮಾಜಿ ಸೈನಿಕರು ಕೇಳುತ್ತಾರೆ. ಪ್ರಚಾರ ಮಾಡುವವರು ಇದನ್ನು ಕೇಳಿಸಿಕೊಳ್ಳಬೇಕು.

ಇನ್ನು ಸಹಾಯವಾಣಿಯ ಮಾತು. ಅಮೆರಿಕದ ಮಾಜಿ ಸೈನಿಕರಿಗಾಗಿ 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನಂಡೇಗ್ವಾದಲ್ಲಿ ಆರಂಭವಾದ ಸಹಾಯವಾಣಿ ಬಹಳ ಜೀವ ಉಳಿಸಿದೆ. 2022ರಿಂದ 988 ಒತ್ತಿ ನಂತರ 1 ಒತ್ತಿದರೆ ಸಾಕು. 2017ರಿಂದ ಕಂಪ್ಯೂಟರ್ ಲೆಕ್ಕದ ಮೂಲಕ ಹೆಚ್ಚು ಅಪಾಯದಲ್ಲಿರುವವರನ್ನು ಗುರುತಿಸಿ ವೈದ್ಯರೇ ಕರೆ ಮಾಡುವ ಪದ್ಧತಿಯೂ ಇದೆ. ಆದರೆ ತೀರಿಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಚೆಗೆ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗೆ ಬಂದವರೇ ಅಲ್ಲ. ಕಂಪ್ಯೂಟರಿಗೆ ಅವರ ಕಡತವೇ ಸಿಗುವುದಿಲ್ಲ.

ನನಗೆ ಬಹಳ ಪ್ರಿಯವಾದ ಉಪಾಯ ಒಂದಿದೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಹೇಳುತ್ತೇನೆ. ಜೆರೋಮ್ ಮೋಟೊ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿದ್ದರು. ಮನೆಯಿಂದ ದೂರದಲ್ಲಿದ್ದ ಆ ಕಾಲದಲ್ಲಿ ಪರಿಚಯದ ಒಬ್ಬ ಯುವತಿ ಅವರಿಗೆ ಕಾಗದ ಬರೆಯುತ್ತಿದ್ದಳು. ಏನನ್ನೂ ಬೇಡದ, ನೆನಪಿದೆ ಎಂದಷ್ಟೇ ಹೇಳುವ ಕಾಗದಗಳು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೋವೈದ್ಯರಾದಾಗ, ಆತ್ಮಹತ್ಯೆಯ ಅಪಾಯದಿಂದ ಆಸ್ಪತ್ರೆ ಸೇರಿ ಬಿಡುಗಡೆಯಾದ ಮೇಲೆ ಮತ್ತೆ ಚಿಕಿತ್ಸೆಗೆ ಬರಲು ಒಪ್ಪದವರನ್ನು ಏನು ಮಾಡುವುದು ಎಂಬ ಪ್ರಶ್ನೆ ಎದುರಾಯಿತು. ಅಂಥ 843 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಮೋಟೊ ಮತ್ತು ಸಂಗಡಿಗರು ಐದು ವರ್ಷ ಸಣ್ಣ ಪತ್ರಗಳನ್ನು ಬರೆದರು. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೆ, ಮೂರು ತಿಂಗಳಿಗೆ, ಒಟ್ಟು 24. ಕ್ಷೇಮವೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎನ್ನುವ ಎರಡು ಮೂರು ಸಾಲು. ಅಪಾಯಿಂಟ್‌ಮೆಂಟ್ ಇಲ್ಲ, ಉಪದೇಶ ಇಲ್ಲ, ಪ್ರಶ್ನೆ ಇಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಸಾವುಗಳು ಸ್ಪಷ್ಟವಾಗಿ ಕಡಿಮೆಯಿದ್ದವು.

2020ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ ಇದನ್ನು ಎತ್ತಿಕೊಂಡಿತು. ಸಹಾಯವಾಣಿಗೆ ಕರೆ ಮಾಡಿದವರಿಗೆ ವರ್ಷವಿಡೀ ಇಂಥ ಪತ್ರಗಳು ಹೋಗುತ್ತವೆ. ಕೆಲವಕ್ಕೆ ವೈದ್ಯರ ಸಹಿ, ಕೆಲವಕ್ಕೆ ಇನ್ನೊಬ್ಬ ಮಾಜಿ ಸೈನಿಕನ ಸಹಿ. ಸಾವಿನ ಲೆಕ್ಕದಲ್ಲಿ ಪತ್ರಗಳ ಪ್ರಭಾವ ಎಷ್ಟು ಎಂಬುದರಲ್ಲಿ ಮುಂದಿನ ಸಂಶೋಧನೆಗಳ ಫಲ ಒಂದೇ ರೀತಿ ಇಲ್ಲ, ಇದನ್ನು ಮುಚ್ಚಿಡಬಾರದು. ಆದರೂ ನಾನು ಈ ಉಪಾಯದ ಪರ. ಇಲ್ಲಿ ಸೈನಿಕನನ್ನು ಯಾರೂ ಕೌಂಟರಿನ ಮುಂದೆ ನಿಲ್ಲಿಸುವುದಿಲ್ಲ, ಏನನ್ನೂ ಸಾಬೀತುಪಡಿಸು ಎನ್ನುವುದಿಲ್ಲ. ಸರ್ಕಾರವೇ ಮೊದಲು ಬರೆಯುತ್ತದೆ. ಅಷ್ಟೇ ಅಲ್ಲ, ಬರೆಯುವ ಮಾಜಿ ಸೈನಿಕನಿಗೂ ಒಂದು ಕೆಲಸ ಸಿಗುತ್ತದೆ. ನಮ್ಮನ್ನು ನೋಡಿಕೊಳ್ಳಿ ಎಂಬುದಕ್ಕಿಂತ, ನಮಗೆ ನೋಡಿಕೊಳ್ಳುವ ಹೊಣೆ ಕೊಡಿ ಎಂಬ ಬೇಡಿಕೆ ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಂದೂಕಿನ ವಿಷಯ ಸೂಕ್ಷ್ಮ. ಅಮೆರಿಕದ ಮಾಜಿ ಸೈನಿಕರ ಈ ಸಾವುಗಳಲ್ಲಿ ಹತ್ತಕ್ಕೆ ಏಳರಲ್ಲಿ ಬಂದೂಕು ಇದೆ. ಕುತ್ತಿನ ಗಳಿಗೆ ಅನೇಕ ವೇಳೆ ಚಿಕ್ಕದು, ಆ ಹೊತ್ತಿಗೆ ಆಯುಧ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಇಸ್ರೇಲಿನ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕೆಂದು ಮಾಡಿದ ಮೇಲೆ ಯುವ ಸೈನಿಕರ ಆತ್ಮಹತ್ಯೆ ಸುಮಾರು 40% ಇಳಿಯಿತು. ಆದರೆ ಬಿಳಿ ಕೋಟಿನವರು ಬಂದು ಬಂದೂಕು ಕೊಡು ಎಂದರೆ ಸೈನಿಕ ಮರುದಿನದಿಂದ ಆಸ್ಪತ್ರೆಗೇ ಬರುವುದಿಲ್ಲ. ಅದೇ ಮಾತನ್ನು ಹಳೆಯ ಜೊತೆಗಾರ, ಕೆಲವು ದಿನ ನನ್ನ ಹತ್ತಿರ ಇರಲಿ, ಸರಿಹೋದ ಮೇಲೆ ತಗೋ ಎಂದು ಹೇಳಿದರೆ ಕೇಳುತ್ತಾನೆ. ಅಲ್ಲಿನ ಮಾಜಿ ಸೈನಿಕರ ಗುಂಪುಗಳು ಈಗ ಈ ಮಾತನ್ನು ಹೇಗೆ ಆಡಬೇಕೆಂದು ಒಬ್ಬರಿಗೊಬ್ಬರು ಕಲಿಸುತ್ತಿವೆ.

ಇಲ್ಲಿ ನಮ್ಮ ಕೊಡಗು ನೆನಪಾಗುವುದು ಸಹಜ. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು, ಮಾಜಿ ಸೈನಿಕರ ನಾಡು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ ಅದು ವಿಸ್ತರಣೆಯಾಗಿದೆ. ಗಂಡು ಮಗು ಹುಟ್ಟಿದರೆ ಕೋವಿಯ ಸದ್ದು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಆ ಗೌರವವನ್ನು ಪ್ರಶ್ನಿಸಿ ಯಾರೂ ಅಲ್ಲಿ ಜೀವ ಉಳಿಸಲಾರರು. ಆದರೆ ಬೇಸಾಯದ ಕೆಲಸ ಮುಗಿಯುವ ತನಕ ಕೋವಿಯನ್ನು ದೇವರ ಕೋಣೆಯಲ್ಲಿ ಇಟ್ಟು ಮುಟ್ಟದಿರುವ ಪದ್ಧತಿಯೂ ಅದೇ ಸಂಸ್ಕೃತಿಯದು. ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿರುವಾಗ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಿರಿಯರೇ ಕೋವಿಯನ್ನು ಕೆಲಕಾಲ ತಮ್ಮ ವಶದಲ್ಲಿಟ್ಟುಕೊಳ್ಳುವುದು ಆ ನಡವಳಿಕೆಗೆ ಹೊರಗಿನದಾಗುವುದಿಲ್ಲ. ಆ ಮಾತನ್ನು ಆಡಬೇಕಾದವರು ಅಲ್ಲಿನ ಮಾಜಿ ಸೈನಿಕರು, ನಾನಲ್ಲ.

ಭಾರತದಲ್ಲಿ ನಾವು ಎಣಿಕೆಯಿಂದಲೇ ಆರಂಭಿಸಬೇಕಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ಆತ್ಮಹತ್ಯೆ ವರದಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಲೆಕ್ಕವನ್ನು ಬೇರೆಯಾಗಿ ಕೊಡುತ್ತದೆ, ನಿವೃತ್ತರು ಎಂಬ ಕಾಲಂ ಕೂಡ ಇದೆ. ಮಾಜಿ ಸೈನಿಕರು ಎಂಬ ಕಾಲಂ ಇಲ್ಲ. ಆಸ್ಟ್ರೇಲಿಯಾ ತನ್ನ ಜನಗಣತಿಯಲ್ಲಿ ಸೇನೆಯಲ್ಲಿ ಇದ್ದಿರಾ ಎಂದು ಮೊದಲ ಬಾರಿ ಕೇಳಿದ್ದು 2021ರಲ್ಲಿ. ಒಂದು ಪ್ರಶ್ನೆ ಸೇರಿಸುವುದು ನಮಗೂ ಕಷ್ಟವಲ್ಲ. ಎರಡನೆಯದು ಅಂಗವೈಕಲ್ಯ ಪಿಂಚಣಿ. ಇಂಥ ವ್ಯಾಜ್ಯಗಳಿಗೆ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಲ್ಲಿ ಗೆದ್ದ ಗಾಯಾಳುವಿನ ಮೇಲೆ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣಗಳು ಎಷ್ಟೋ. ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ ಇಂಥ ಮೇಲ್ಮನವಿಗಳನ್ನು ಹಿಂತೆಗೆದುಕೊಳ್ಳಿ ಎಂದು ಶಿಫಾರಸು ಮಾಡಿತ್ತು. ಆಸ್ಟ್ರೇಲಿಯಾದ ಸಾಕ್ಷ್ಯಗಳನ್ನು ಓದಿದ ಮೇಲೆ ಈ ಪಿಂಚಣಿ ವ್ಯಾಜ್ಯಗಳನ್ನು ಬರೀ ಹಣಕಾಸಿನ ವಿಷಯವೆಂದು ನೋಡಲು ನನ್ನಿಂದ ಆಗುತ್ತಿಲ್ಲ.

ಒಳ್ಳೆಯದೂ ಆಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮೇಲುಸ್ತುವಾರಿ ಕೇಂದ್ರ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗೆಂದೇ ಇದರ ಒಂದು ಘಟಕ ತೆರೆಯಿತು. ಸಭೆಯಲ್ಲಿ ಯಾರಿಗಾದರೂ ಈಗ ಮನಸ್ಸಿನ ಮೇಲೆ ಅಂಥ ಭಾರ ಇದ್ದರೆ, ಅಥವಾ ನಿಮ್ಮ ಸಂಗಾತಿಯ ಬಗ್ಗೆ ಆತಂಕವಿದ್ದರೆ, ದಯವಿಟ್ಟು ಆ ನಂಬರ್ ಬರೆದುಕೊಳ್ಳಿ.

ಇದರ ಜೊತೆಗೆ ನನ್ನದೊಂದು ಬೇಡಿಕೆ. ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಕೇಂದ್ರ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಂಥ ಸಂಸ್ಥೆಗಳ ಹೆಸರು ಕೇಳಿದರೆ ಇಂದಿಗೂ ಹಳೆಯ ಸೈನಿಕರ ಎದೆ ಉಬ್ಬುತ್ತದೆ. ಸೇವೆ ಮುಗಿಸಿ ಊರಿಗೆ ಬಂದವರಿಗೆ ಮೊದಲ ಎರಡು ವರ್ಷ, ಮುಖ್ಯವಾಗಿ ಆರೋಗ್ಯದ ಕಾರಣಕ್ಕೆ ಬಿಡುಗಡೆಯಾದವರಿಗೆ, ರೆಜಿಮೆಂಟಿನ ಲಾಂಛನವಿರುವ ಒಂದು ಪತ್ರ ಎರಡು ತಿಂಗಳಿಗೊಮ್ಮೆ ಬರಲಿ. ವಿಳಾಸಗಳು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲಿವೆ. ಅವನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆಯುವ ಕೆಲಸವನ್ನು ಅದೇ ಜಿಲ್ಲೆಯ ಹಿರಿಯ ಮಾಜಿ ಸೈನಿಕರಿಗೆ ಒಪ್ಪಿಸಿ. ಅಂಚೆಯ ವೆಚ್ಚಕ್ಕೆ ಇಂದಿನ ಈ ಉಪನ್ಯಾಸದ ದತ್ತಿಯಷ್ಟು ಒಂದು ನಿಧಿ ಸಾಕಾಗುತ್ತದೆ. ಈ ಊರಿನ ಮಾಜಿ ಸೈನಿಕರ ಸಂಘದ ಪದಾಧಿಕಾರಿಗಳು ಇಲ್ಲಿಯೇ ಇದ್ದಾರೆ. ಸಭೆ ಮುಗಿದ ಮೇಲೆ ಅವರೊಡನೆ ಕೂತು ಮೊದಲ ಪತ್ರಗಳ ಯಾದಿ ಮಾಡಲು ನಾನು ಸಿದ್ಧ.